ಆರು ಬ್ರೆಡ್, ಒಂದು ಚಿಕ್ಕ ಬಾಟಲಿ: ಕಡಿಮೆ ಖರ್ಚಿನಲ್ಲಿ ಸೌರ್‌ಡೋ ಕಲಿತ ದಿನಚರಿ

ಮೊದಲ ಸಲ ಸೌರ್‌ಡೋ ಬ್ರೆಡ್ ಮಾಡಲು ಹೋದಾಗ 800 ಗ್ರಾಂ ಹಿಟ್ಟು ಹಾಳಾಯಿತು. ದಿನಕ್ಕೆ 100 ಗ್ರಾಂನಂತೆ ಮೂರು ದಿನ ಸ್ಟಾರ್ಟರ್‌ಗೆ, ಅಂದರೆ ಹಿಟ್ಟು ನೀರು ಕಲಸಿ ಹುದುಗಲು ಬಿಡುವ ಬ್ರೆಡ್ಡಿನ ಹೆಪ್ಪಿಗೆ, ಹಾಕಿದ್ದು 300 ಗ್ರಾಂ. ಬ್ರೆಡ್ಡಿಗೆ ಅಂತ ಕಲಸಿದ್ದು 500 ಗ್ರಾಂ. ಓವನ್‌ನಿಂದ ಹೊರಗೆ ಬಂದದ್ದು ಚಾಕು ಇಳಿಯದ ಉಂಡೆ. ಒಳಗೆ ಇನ್ನೂ ಹಸಿ ಹಸಿ. ಅಳೆದು ಸುರಿದು ಖರ್ಚು ಮಾಡುವ ಮನೆಯಲ್ಲಿ ಅಷ್ಟು ಹಿಟ್ಟು ಕಸಕ್ಕೆ ಹೋಗುವುದು ಸಣ್ಣ ಮಾತಲ್ಲ. ನನಗೆ ಎರಡು ದಿನ ಮನಸ್ಸೇ ಸರಿ ಇರಲಿಲ್ಲ.

ಎರಡನೇ ಸಲ ಶುರು ಮಾಡುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಒಂದು ಚಮಚ ಹಿಟ್ಟು ಬಳಸಿದರೂ ಬರೆದೆ. ಓವನ್ ಎಷ್ಟು ನಿಮಿಷ ಉರಿಯಿತು ಅಂತಲೂ ಬರೆದೆ. ಯೀಸ್ಟ್ ಕೊಳ್ಳದೆ, ಬರೀ ಹಿಟ್ಟು, ನೀರು, ಉಪ್ಪಿನಿಂದ ಮಾಡುವ ಈ ಬ್ರೆಡ್ ನಿಜವಾಗಿಯೂ ಕಡಿಮೆ ದುಡ್ಡಿನಲ್ಲಿ ಕಲಿಯುವವರಿಗೆ ಆಗುತ್ತದಾ? ಅದನ್ನು ಗ್ರಾಂ ಲೆಕ್ಕದಲ್ಲಿ ನೋಡಬೇಕು ಅನ್ನಿಸಿತ್ತು. ಆ 24 ದಿನಗಳ ಪುಟಗಳನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ. ಬರವಣಿಗೆಯಲ್ಲಿ ಗೊಂದಲ ಆಗಬಾರದು ಅಂತ ಒಣಗಿದ್ದನ್ನು ಹಿಟ್ಟು ಅಂತಲೂ, ನೀರು ಹಾಕಿ ಕಲಸಿದ್ದನ್ನು ಕಣಕ ಅಂತಲೂ ಕರೆದಿದ್ದೇನೆ.

ಕೊಂಡದ್ದು ಒಂದೇ ಸಾಮಾನು

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಇದನ್ನು ಮಾತ್ರ ಬಿಡಬೇಡಿ. ಒಂದು ಕಪ್ ಹಿಟ್ಟನ್ನು ಅದುಮಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು ತೂಕ. ಬ್ರೆಡ್ಡಿನಲ್ಲಿ 20 ಗ್ರಾಂ ನೀರು ಜಾಸ್ತಿಯಾದರೂ ಕಣಕ ಕೈಗೆ ಅಂಟಿ ಹಿಡಿತಕ್ಕೆ ಸಿಗುವುದಿಲ್ಲ. ತಕ್ಕಡಿ ಇಲ್ಲದೆ ಹೋದರೆ ಕೆಟ್ಟದ್ದು ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಕಾರಣ ಗೊತ್ತಾಗದ ತಪ್ಪಿಗೆ ಮತ್ತೆ ಮತ್ತೆ ಹಿಟ್ಟು ಸುರಿಯಬೇಕಾಗುತ್ತದೆ.

ಉಳಿದದ್ದೆಲ್ಲ ಮನೆಯಲ್ಲೇ ಇತ್ತು. ಆಕಾರ ಕೊಟ್ಟ ಕಣಕ ಇಡುವ ಬೆತ್ತದ ಬುಟ್ಟಿಯ ಬದಲು ಒಂದು ಬಟ್ಟಲು, ಅದರೊಳಗೆ ತೆಳು ಹತ್ತಿ ಬಟ್ಟೆ. ಬಟ್ಟೆಗೆ ಅಕ್ಕಿ ಹಿಟ್ಟು ಉದುರಿಸಿದರೆ ಕಣಕ ಅಂಟುವುದಿಲ್ಲ. ಗೋಧಿ ಕಣಕಕ್ಕೆ ಎಳೆತ ಕೊಡುವ ಗ್ಲುಟೆನ್ ಅನ್ನುವ ಪ್ರೋಟೀನ್ ಅಕ್ಕಿಯಲ್ಲಿ ಇಲ್ಲ, ನೀರು ತಾಗಿದರೂ ಅದು ಗೋಧಿಯಂತೆ ಜಿಗುಟಾಗುವುದಿಲ್ಲ. ಮೇಲೆ ಗೀರು ಹಾಕಲು ಹೊಸ ಬ್ಲೇಡ್. ಬೇಯಿಸಲು ಹಳೆಯ ಬ್ರೆಡ್ ಟಿನ್ ಮತ್ತು ಮುಚ್ಚಳ ಇರುವ ದಪ್ಪ ತಳದ ಸ್ಟೀಲ್ ಪಾತ್ರೆ. ಪಾತ್ರೆಯ ಹಿಡಿಯಲ್ಲಿ ಪ್ಲಾಸ್ಟಿಕ್ ಇಲ್ಲ ಅಂತ ನೋಡಿಕೊಂಡೆ.

ದಿನ 1 ರಿಂದ 4: ಮೋಸ ಮಾಡುವ ಗುಳ್ಳೆಗಳು

ಚಿಕ್ಕ ಗಾಜಿನ ಬಾಟಲಿಗೆ 20 ಗ್ರಾಂ ಗೋಧಿ ಹಿಟ್ಟು, 20 ಗ್ರಾಂ ನೀರು. ಕಲಸಿ, ಮುಚ್ಚಳ ಸಡಿಲವಾಗಿ ಇಟ್ಟು, ಎಷ್ಟು ಎತ್ತರ ಇದೆ ಅಂತ ರಬ್ಬರ್ ಬ್ಯಾಂಡ್ ಹಾಕಿದೆ. ಮೈದಾ ಬದಲು ತೌಡು ಸಮೇತ ಇರುವ ಹಿಟ್ಟು ತೆಗೆದುಕೊಂಡದ್ದಕ್ಕೆ ಕಾರಣವಿದೆ. ಕಾಳಿನ ಹೊರಪದರದಲ್ಲೇ ಯೀಸ್ಟ್, ಬ್ಯಾಕ್ಟೀರಿಯಾ, ಖನಿಜಗಳು ಜಾಸ್ತಿ. ಹಾಗಾಗಿ ಬೇಗ ಜೀವ ಹಿಡಿಯುತ್ತದೆ.

ಎರಡನೇ ದಿನದಿಂದ ರೂಢಿ ಹೀಗೆ: ಬಾಟಲಿಯಲ್ಲಿ 10 ಗ್ರಾಂ ಮಾತ್ರ ಉಳಿಸುವುದು, ಅದಕ್ಕೆ 10 ಗ್ರಾಂ ಹಿಟ್ಟು, 10 ಗ್ರಾಂ ನೀರು. ಹಿಂದಿನ ಸಲ 100 ಗ್ರಾಂ ಹಾಕುತ್ತಿದ್ದೆ. ಹುದುಗುವ ಜೀವಿಗಳಿಗೆ ಬಾಟಲಿ ದೊಡ್ಡದಾ ಚಿಕ್ಕದಾ ಅನ್ನುವುದು ಮುಖ್ಯವಲ್ಲ, ಪ್ರಮಾಣ ಸರಿ ಇದ್ದರೆ ಸಾಕು. ಮೊಸರಿಗೆ ಹೆಪ್ಪು ಎಷ್ಟು ಬೇಕೋ ಅಷ್ಟೇ ಇಟ್ಟುಕೊಂಡ ಹಾಗೆ.

ಮೂರನೇ ದಿನ ಬೆಳಿಗ್ಗೆ ಬಾಟಲಿ ಎರಡು ಪಟ್ಟು ಉಬ್ಬಿತ್ತು. ಮೊದಲ ಸಲ ನಾನು ಎಡವಿದ್ದು ಇಲ್ಲೇ. ಉಬ್ಬಿದೆ ಅಂದರೆ ತಯಾರಾಗಿದೆ ಅಂತ ನಂಬಿ ಅದೇ ದಿನ ಬ್ರೆಡ್ ಕಲಸಿದ್ದೆ. ಆದರೆ ಆ ಗುಳ್ಳೆಗಳು ಯೀಸ್ಟ್‌ನದ್ದಲ್ಲ. ಹಿಟ್ಟಿನಲ್ಲಿ ಮೊದಲೇ ಇದ್ದ ಬೇರೆ ಬ್ಯಾಕ್ಟೀರಿಯಾಗಳು ಗಾಳಿ ಬಿಡುವುದರಿಂದ ಹಾಗೆ ಉಬ್ಬುತ್ತದೆ. ವಾಸನೆಯಲ್ಲೇ ಗೊತ್ತಾಗುತ್ತದೆ. ಕೊಳೆತ ತರಕಾರಿಯ ಹಾಗೆ ಇತ್ತು. ಈ ಹಂತದಲ್ಲಿ ತೆಗೆದು ಬಿಡುವ ಕಣಕವನ್ನು ತಿನ್ನಬಾರದು. ದಿನಕ್ಕೆ 20 ಗ್ರಾಂ ಕಲಸಿದ್ದು ಮಾತ್ರ, ಅಂದರೆ 10 ಗ್ರಾಂ ಹಿಟ್ಟು, ಹೊರಗೆ ಹೋಗುತ್ತಿತ್ತು. ಹಾಗಾಗಿ ಎಸೆಯುವಾಗ ಕೈ ನಡುಗಲಿಲ್ಲ.

ನಾಲ್ಕನೇ ದಿನ ಎಲ್ಲ ನಿಂತುಹೋಯಿತು. ಒಂದೇ ಒಂದು ಗುಳ್ಳೆ ಇಲ್ಲ.

ದಿನ 5: ಕಾಯುವ ಹೊತ್ತಿನಲ್ಲಿ ಯೀಸ್ಟ್ ಬ್ರೆಡ್

ಈ ಪುಟ ನನಗೆ ಎಲ್ಲಕ್ಕಿಂತ ಮುಖ್ಯ. ಸ್ಟಾರ್ಟರ್ ಸುಮ್ಮನೆ ಕೂತಿದ್ದಾಗ ನಾನೂ ಸುಮ್ಮನೆ ಕೂರಲಿಲ್ಲ. ಅಂಗಡಿಯ ಇನ್‌ಸ್ಟಂಟ್ ಯೀಸ್ಟ್ ಹಾಕಿ ಒಂದು ಬ್ರೆಡ್ ಮಾಡಿದೆ. 250 ಗ್ರಾಂ ಮೈದಾ, 160 ಗ್ರಾಂ ನೀರು, 5 ಗ್ರಾಂ ಉಪ್ಪು, ಕಾಲು ಟೀ ಚಮಚ ಯೀಸ್ಟ್. ಆ ಕಾಲು ಚಮಚ ತೂಗಿದರೆ ಒಂದು ಗ್ರಾಂ ಕೂಡ ಪೂರ್ತಿ ಬರುವುದಿಲ್ಲ.

ಯಾಕೆ ಹೀಗೆ ಮಾಡಿದೆ ಅಂದರೆ, ಸೌರ್‌ಡೋ ಕೆಟ್ಟಾಗ ಹೊಸಬರಿಗೆ ಎಲ್ಲಿ ತಪ್ಪಾಯಿತು ಅಂತ ಹೇಳಲು ಆಗುವುದಿಲ್ಲ. ಸ್ಟಾರ್ಟರ್ ಬಲ ಇಲ್ಲದ್ದಾ? ನಾದಿದ್ದು ಸಾಲದಾ? ಜಾಸ್ತಿ ಹುದುಗಿತಾ? ಓವನ್ ಕಾದಿರಲಿಲ್ಲವಾ? ಎಲ್ಲವೂ ಒಟ್ಟಿಗೆ ಹೊಸದು. ಯೀಸ್ಟ್ ಹಾಕಿದರೆ ಉಬ್ಬುವುದಂತೂ ಖಂಡಿತ. ಆಗ ಕೈ ಕೆಲಸ ಮತ್ತು ಓವನ್ ಎರಡನ್ನೇ ಕಲಿತರೆ ಆಯಿತು. ಅದೂ ಒಂದೇ ದಿನದಲ್ಲಿ. ಕೆಟ್ಟರೂ ತಿನ್ನಲು ಆಗುವಷ್ಟಾದರೂ ಬರುತ್ತದೆ.

ಆ ಬ್ರೆಡ್ ಚೆನ್ನಾಗಿಯೇ ಬಂತು. ಬಲಬದಿ ಮಾತ್ರ ಕಪ್ಪಾಯಿತು. ನನ್ನ ಓವನ್ ಬಲಕ್ಕೆ ಜಾಸ್ತಿ ಕಾಯುತ್ತದೆ ಅಂತ ಗೊತ್ತಾದದ್ದೇ ಆಗ. 20 ನಿಮಿಷ ಆದ ಮೇಲೆ ಟಿನ್ ತಿರುಗಿಸಬೇಕು ಅಂತ ಬರೆದುಕೊಂಡೆ. ಹತ್ತನೇ ದಿನ ಇನ್ನೊಂದು ಯೀಸ್ಟ್ ಬ್ರೆಡ್ ಮಾಡಿದೆ. ಈ ಸಲ ನಾದುವ ಬದಲು, ಹಿಟ್ಟು ನೀರು ಮಾತ್ರ ಕಲಸಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ಉಪ್ಪು, ಯೀಸ್ಟ್ ಸೇರಿಸಿದೆ. ಹೀಗೆ ಬಿಡುವುದಕ್ಕೆ ಆಟೋಲೈಸ್ ಅನ್ನುತ್ತಾರೆ. ಫ್ರಾನ್ಸ್‌ನ ಬ್ರೆಡ್ ತಜ್ಞ ರೇಮಂಡ್ ಕಲ್ವೆಲ್ 1974ರಲ್ಲಿ ಇದನ್ನು ಬಳಕೆಗೆ ತಂದರು. ಹಿಟ್ಟು ನೀರು ಕುಡಿದು ಕೂತಾಗ ಗ್ಲುಟೆನ್ ತಾನಾಗಿ ಕೂಡಿಕೊಳ್ಳುತ್ತದೆ. ಕೈಗೆ ಕೆಲಸ ಅರ್ಧ ಕಡಿಮೆ. ಮಿಕ್ಸರ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ದಿನ 6 ರಿಂದ 13: ಬಾಟಲಿಗೆ ಜೀವ ಬಂತು

ಆರು, ಏಳು ಎರಡು ದಿನವೂ ಸಪ್ಪೆ. ಇಲ್ಲೇ ಜನ ಸ್ಟಾರ್ಟರ್ ಸತ್ತಿತು ಅಂತ ಎಸೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಮತ್ತೆ ಹಿಟ್ಟು ಖರ್ಚು. ಎಸೆಯಬೇಡಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಹುಳಿ ಏರುತ್ತಿರುತ್ತದೆ. ಹುಳಿ ಏರಿದಂತೆ ಮೊದಲು ಬಂದ ಬೇಡದ ಬ್ಯಾಕ್ಟೀರಿಯಾಗಳು ಹಿಂದೆ ಸರಿಯುತ್ತವೆ. ಹುಳಿ ತಡೆದುಕೊಳ್ಳುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ (ಮೊಸರನ್ನು ಹುಳಿ ಮಾಡುವ ಬಗೆಯವು) ಮತ್ತು ಯೀಸ್ಟ್ ಉಳಿಯುತ್ತವೆ. ಇವೆರಡೂ ಒಂದೇ ಬಾಟಲಿಯಲ್ಲಿ ಜಗಳವಿಲ್ಲದೆ ಹೇಗೆ ಬಾಳುತ್ತವೆ ಅನ್ನುವುದೇ ನನಗೆ ಬಹಳ ಇಷ್ಟದ ವಿಷಯ. ಸ್ಯಾನ್ ಫ್ರಾನ್ಸಿಸ್ಕೋದ ಹುಳಿ ಬ್ರೆಡ್ಡಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾವನ್ನು 1971ರಲ್ಲಿ ವಿಜ್ಞಾನಿಗಳು ವಿವರಿಸಿದರು. ಅದು ಮಾಲ್ಟೋಸ್ ಅನ್ನುವ ಸಕ್ಕರೆಯನ್ನು ತಿನ್ನುತ್ತದೆ. ಅದರ ಜೊತೆಗಿರುವ ಯೀಸ್ಟ್ ಮಾಲ್ಟೋಸ್ ಮುಟ್ಟುವುದೇ ಇಲ್ಲ, ಬೇರೆ ಸಕ್ಕರೆ ತಿನ್ನುತ್ತದೆ. ಊಟವೇ ಬೇರೆ ಬೇರೆ ಆದ ಮೇಲೆ ಜಗಳ ಎಲ್ಲಿ, ಅಲ್ವಾ? ನನ್ನ ಬಾಟಲಿಯಲ್ಲಿ ಅದೇ ಜಾತಿಗಳು ಇರಬೇಕೆಂದಿಲ್ಲ. ಪ್ರತಿ ಮನೆಯ ಸ್ಟಾರ್ಟರ್‌ನಲ್ಲೂ ಕೂಟ ಸ್ವಲ್ಪ ಬೇರೆಯೇ.

ಎಂಟನೇ ದಿನ ಸಣ್ಣ ಗುಳ್ಳೆಗಳು. ವಾಸನೆ ಬದಲಾಗಿತ್ತು. ಮೊಸರು, ಸ್ವಲ್ಪ ಮಾಗಿದ ಹಣ್ಣು. ಒಂಬತ್ತನೇ ದಿನದಿಂದ ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಹಿಟ್ಟು ಹಾಕಿದೆ. ಒಂದು ದಿನ ರಾತ್ರಿ ಮರೆತೆ. ಬೆಳಿಗ್ಗೆ ಮೇಲೆ ಕಂದು ನೀರು ನಿಂತಿತ್ತು, ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆ. ಗಾಬರಿ ಬೇಡ, ಅದು ಹಸಿವು ಅಷ್ಟೇ. ಆ ದಿನ ಮಧ್ಯಾಹ್ನ ಒಂದು ಸಲ ಹಾಕಿ ಲೆಕ್ಕ ಸರಿ ಮಾಡಿದೆ. ಆದರೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ಬೂಸ್ಟು ಕಂಡರೆ ಪೂರ್ತಿ ಎಸೆಯಬೇಕು. ಮೇಲಿನದ್ದು ಮಾತ್ರ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಹನ್ನೊಂದು, ಹನ್ನೆರಡು, ಹದಿಮೂರು: ಮೂರು ದಿನವೂ ನಾಲ್ಕೈದು ಗಂಟೆಯೊಳಗೆ ಎರಡು ಪಟ್ಟು. ನಾನು ಕಾಯುತ್ತಿದ್ದದ್ದು ಇದಕ್ಕೇ. ಒಂದು ದಿನ ಉಬ್ಬಿದರೆ ನಂಬಬಾರದು, ಮೂರು ದಿನ ಒಂದೇ ರೀತಿ ಉಬ್ಬಬೇಕು. ನೀರಿನಲ್ಲಿ ತೇಲಿದರೆ ತಯಾರು ಅನ್ನುವ ಪರೀಕ್ಷೆಯನ್ನೂ ಮಾಡಿ ನೋಡಿದೆ. ಚೆನ್ನಾಗಿ ಉಬ್ಬಿದ್ದೇ ಚಮಚದಲ್ಲಿ ತೆಗೆಯುವಾಗ ಗಾಳಿ ಹೋಗಿ ಮುಳುಗಿತು. ರಬ್ಬರ್ ಬ್ಯಾಂಡೇ ವಾಸಿ.

ಹಿಟ್ಟಿನ ಲೆಕ್ಕ: ಮೊದಲ ದಿನ 20 ಗ್ರಾಂ, ಆಮೇಲೆ 17 ಸಲ 10 ಗ್ರಾಂ. ಒಟ್ಟು 190 ಗ್ರಾಂ. ಪ್ರತಿ ಸಲ 100 ಗ್ರಾಂ ಹಾಕುವ ಹಳೆಯ ರೀತಿಯಲ್ಲೇ ಹೋಗಿದ್ದರೆ 1800 ಗ್ರಾಂ ಆಗುತ್ತಿತ್ತು.

ದಿನ 14: ಗಡಿಯಾರ ನಂಬಿ ಕೆಟ್ಟ ಬ್ರೆಡ್

ಬೆಳಿಗ್ಗೆ ಆರಕ್ಕೆ 20 ಗ್ರಾಂ ಸ್ಟಾರ್ಟರ್, 20 ಗ್ರಾಂ ಹಿಟ್ಟು, 20 ಗ್ರಾಂ ನೀರು. ಹತ್ತು ಗಂಟೆಗೆ ಉಬ್ಬಿ ತುದಿ ಮುಟ್ಟಿತ್ತು. ಅದರಲ್ಲಿ 50 ಗ್ರಾಂ ಬ್ರೆಡ್ಡಿಗೆ. ಉಳಿದ 10 ಗ್ರಾಂಗೆ 10 ಹಿಟ್ಟು, 10 ನೀರು ಹಾಕಿ, ಸ್ವಲ್ಪ ಗುಳ್ಳೆ ಬಂದ ಮೇಲೆ ಫ್ರಿಜ್‌ಗೆ. ಹೀಗೆ ಮಾಡಿದರೆ ಎಸೆಯುವ ಪ್ರಶ್ನೆ ಹೆಚ್ಚುಕಡಿಮೆ ಬರುವುದೇ ಇಲ್ಲ.

ಬ್ರೆಡ್ಡಿಗೆ ಯೀಸ್ಟ್ ಬ್ರೆಡ್ಡಿನ ಅಳತೆಯೇ: 250 ಹಿಟ್ಟು, 160 ನೀರು, 5 ಉಪ್ಪು. ಸ್ಟಾರ್ಟರ್‌ನಲ್ಲಿರುವುದನ್ನೂ ಸೇರಿಸಿದರೆ ನೂರು ಗ್ರಾಂ ಹಿಟ್ಟಿಗೆ ಸುಮಾರು 67 ಗ್ರಾಂ ನೀರು. ಚಿತ್ರಗಳಲ್ಲಿ ಕಾಣುವ ದೊಡ್ಡ ದೊಡ್ಡ ತೂತಿನ ಬ್ರೆಡ್ಡಿಗೆ ಇನ್ನೂ ಜಾಸ್ತಿ ನೀರು ಹಾಕುತ್ತಾರೆ. ಕಲಿಯುವ ಕೈಗೆ ಅದು ಬೇಡ. 500 ಗ್ರಾಂ ಬದಲು 250 ಗ್ರಾಂ ಹಿಟ್ಟಿನ ಚಿಕ್ಕ ಬ್ರೆಡ್ ಮಾಡಿದ್ದೂ ಅದೇ ಕಾರಣಕ್ಕೆ. ಅದೇ ಹಿಟ್ಟಿನಲ್ಲಿ ಎರಡು ಸಲ ಅಭ್ಯಾಸ ಸಿಗುತ್ತದೆ.

ನಾನು ನೋಡಿಕೊಂಡಿದ್ದ ಅಳತೆಯಲ್ಲಿ ಮೊದಲ ಹುದುಗಿಗೆ ಎಂಟು ಗಂಟೆ, ಆಕಾರ ಕೊಟ್ಟ ಮೇಲೆ ಎರಡು ಗಂಟೆ ಅಂತ ಇತ್ತು. ಹಾಗೇ ಮಾಡಿದೆ. ಸಂಜೆ ಹೊತ್ತಿಗೆ ಕಣಕ ಅಂಟಾಗಿ, ಹರಿದು, ಕೈಯಿಂದ ಜಾರುತ್ತಿತ್ತು. ಬೆಂದ ಬ್ರೆಡ್ ಚಪ್ಪಟೆ, ಬಿಳಿಚಿಕೊಂಡ ಬಣ್ಣ, ತುಂಬಾ ಹುಳಿ. ಕಾರಣ ಆಮೇಲೆ ಹೊಳೆಯಿತು. ಆ ಎಂಟು ಗಂಟೆ 24 ಡಿಗ್ರಿ ಸೆಲ್ಸಿಯಸ್ ಇರುವ ಅಡುಗೆಮನೆಗೆ. ನನ್ನಲ್ಲಿ ಆ ದಿನ 31 ಡಿಗ್ರಿ. ಶಾಖ ಅಷ್ಟು ಏರಿದರೆ ಹುದುಗುವ ವೇಗ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಹುಳಿ ಮಿತಿ ಮೀರಿದಾಗ ಗ್ಲುಟೆನ್ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಚಪ್ಪಟೆ. ಸಕ್ಕರೆಯೆಲ್ಲ ತಿಂದು ಮುಗಿದಿರುತ್ತದೆ, ಅದಕ್ಕೇ ಬಣ್ಣ ಬರುವುದಿಲ್ಲ.

ಎಸೆಯಲಿಲ್ಲ. ತೆಳುವಾಗಿ ಕತ್ತರಿಸಿ ಕಾವಲಿಯ ಮೇಲೆ ಗರಿಗರಿ ಮಾಡಿ ತಿಂದು ಮುಗಿಸಿದೆವು.

ದಿನ 17: ಚಿಕ್ಕ ಲೋಟ ಹೇಳಿಕೊಟ್ಟದ್ದು

ಗಡಿಯಾರ ಬಿಟ್ಟು ಕಣ್ಣಿನಿಂದ ಅಳೆಯಬೇಕು. ಆದರೆ ಅಗಲ ಬಟ್ಟಲಿನಲ್ಲಿರುವ ಕಣಕ ಎಷ್ಟು ಉಬ್ಬಿತು ಅಂತ ಹೊಸಬರಿಗೆ ಕಾಣುವುದಿಲ್ಲ. ಹಾಗಾಗಿ ಕಲಸಿದ ತಕ್ಷಣ ಒಂದು ನಿಂಬೆಹಣ್ಣಿನಷ್ಟು ಕಣಕ ತೆಗೆದು, ನೇರ ಗೋಡೆಯ ಚಿಕ್ಕ ಗಾಜಿನ ಲೋಟಕ್ಕೆ ಒತ್ತಿ, ಗುರುತು ಹಾಕಿ, ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ಲೋಟದಲ್ಲಿ ಒಂದೂವರೆ ಪಟ್ಟು ಎತ್ತರ ಬಂದಾಗ ನಿಲ್ಲಿಸುವುದು. ಐದು ಗಂಟೆಗೇ ಬಂತು. ಮಧ್ಯದಲ್ಲಿ ಅರ್ಧ ಗಂಟೆಗೊಮ್ಮೆ ಮೂರು ಸಲ, ಕೈ ಒದ್ದೆ ಮಾಡಿಕೊಂಡು ಕಣಕದ ಅಂಚು ಎಳೆದು ಮಡಚಿದ್ದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಆಮೇಲೆ ಸುತ್ತಿ ಟಿನ್‌ಗೆ ಹಾಕಿ ಒಂದೂವರೆ ಗಂಟೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ, ಅರ್ಧ ಮಾತ್ರ ಮೇಲೆ ಬರಬೇಕು.

ಟಿನ್ ಬಳಸಿ ಅಂತ ನಾನು ಒತ್ತಿ ಹೇಳುತ್ತೇನೆ. ಟಿನ್ನಿನ ಗೋಡೆ ಕಣಕವನ್ನು ಹಿಡಿದು ನಿಲ್ಲಿಸುತ್ತದೆ. ಆಕಾರ ಕೊಡಲು ಬಾರದಿದ್ದರೂ ಬ್ರೆಡ್ ಮೇಲಕ್ಕೇ ಏಳಬೇಕು.

ಎದ್ದಿತು. ಅದನ್ನು ನೋಡಿದಾಗ ಆದ ಸಂತೋಷ ಹೇಳಲು ಬರುವುದಿಲ್ಲ. ತಡೆಯಲಾಗದೆ ಹತ್ತು ನಿಮಿಷದಲ್ಲೇ ಕತ್ತರಿಸಿದೆ. ತಿರುಳು ಚಾಕುವಿಗೆ ಅಂಟಿತು. ಬಿಸಿ ಇರುವಾಗ ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಕನಿಷ್ಠ ಒಂದು ಗಂಟೆ ಆರಬೇಕು. ಐದು ನಿಮಿಷ ಜಾಸ್ತಿ ಬೇಯಿಸಲೂ ಬಹುದಿತ್ತು. ಥರ್ಮಾಮೀಟರ್ ಇರುವವರು ಒಳಗೆ 96 ಡಿಗ್ರಿ ದಾಟಿದೆಯಾ ನೋಡಬಹುದು. ನನ್ನ ಹತ್ತಿರ ಇಲ್ಲ, ತಳ ತಟ್ಟಿದಾಗ ಟೊಳ್ಳು ಸದ್ದು ಬರುತ್ತದಾ ಅಂತ ಕೇಳುತ್ತೇನೆ.

ದಿನ 20–21: ಫ್ರಿಜ್ ಮತ್ತು ಓವನ್ ಲೆಕ್ಕ

ಇದೇ ರೀತಿ ಮಾಡಿ, ಟಿನ್‌ಗೆ ಹಾಕಿದ ಮೇಲೆ ಮುಚ್ಚಿ ರಾತ್ರಿ ಫ್ರಿಜ್‌ನಲ್ಲಿಟ್ಟೆ. ತಣ್ಣಗೆ ಇದ್ದರೆ ಯೀಸ್ಟ್ ಬಹಳ ನಿಧಾನ. ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಬ್ರೆಡ್ ನಿಮಗೆ ಬಿಡುವಾದಾಗ ಬೇಯಿಸಿಕೊಳ್ಳಬಹುದು.

ಈಗ ವಿದ್ಯುತ್ತಿನ ಮಾತು. ದಪ್ಪ ಎರಕದ ಪಾತ್ರೆಯನ್ನು ಒಂದು ಗಂಟೆ ಕಾಯಿಸಿ ಆಮೇಲೆ 45 ನಿಮಿಷ ಬೇಯಿಸುವುದು ಎಲ್ಲರೂ ಹೇಳುವ ಕ್ರಮ. ನನ್ನ ಓವನ್ 1600 ವ್ಯಾಟ್. ಒಂದೂ ಮುಕ್ಕಾಲು ಗಂಟೆ ಬಿಡದೆ ಉರಿದರೆ 2.8 ಯೂನಿಟ್. ಟಿನ್ ತೆಳು, ಬೇಗ ಕಾಯುತ್ತದೆ. 15 ನಿಮಿಷ ಕಾಯಿಸಿ 220 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್. ಸಾಕಷ್ಟು ಕಾದ ಮೇಲೆ ಥರ್ಮೋಸ್ಟಾಟ್ ಆಗಾಗ ನಿಲ್ಲಿಸುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಸೌರ್‌ಡೋದಲ್ಲಿ ನಿಜವಾದ ಖರ್ಚು ಹಿಟ್ಟಿಗಿಂತ ಇಲ್ಲೇ ಇದೆ ಅನ್ನಿಸುತ್ತದೆ. ಎರಡು ಟಿನ್ ಹಿಡಿಸಿದರೆ ಎರಡು ಬ್ರೆಡ್ ಒಟ್ಟಿಗೆ ಬೇಯಿಸಿ, ಒಂದನ್ನು ಹೋಳು ಮಾಡಿ ಫ್ರೀಜರ್‌ಗೆ ಹಾಕಿ.

ಮೊದಲ 20 ನಿಮಿಷ ಟಿನ್ನಿನ ಮೇಲೆ ಇನ್ನೊಂದು ಟಿನ್ ಮಗುಚಿ ಮುಚ್ಚಿದ್ದೆ. ಕಣಕದಿಂದ ಎದ್ದ ಆವಿ ಒಳಗೇ ಉಳಿಯುತ್ತದೆ. ಮೇಲ್ಪದರ ಬೇಗ ಒಣಗದೆ ಬ್ರೆಡ್ ಪೂರ್ತಿ ಏಳುತ್ತದೆ. ಈ ಬ್ರೆಡ್ಡೇ ಆರರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಹುಳಿ ಹದ, ತಿರುಳು ಮೆತ್ತಗೆ, ನಾಲ್ಕನೇ ದಿನವೂ ತಿನ್ನುವಂತಿತ್ತು. ಯೀಸ್ಟ್ ಬ್ರೆಡ್ ಎರಡನೇ ದಿನಕ್ಕೇ ಒಣಗಿತ್ತು.

ದಿನ 24: ಟಿನ್ ಇಲ್ಲದ ದುಂಡು ಬ್ರೆಡ್

ಬಟ್ಟೆ ಹಾಸಿದ ಬಟ್ಟಲು, ಅಕ್ಕಿ ಹಿಟ್ಟು, ಬ್ಲೇಡಿನ ಗೀರು, ಮುಚ್ಚಳದ ಸ್ಟೀಲ್ ಪಾತ್ರೆ. ಮುಚ್ಚಿದ ಪಾತ್ರೆಯಲ್ಲಿ ಬೇಯಿಸುವ ಉಪಾಯ ಮನೆ ಮನೆಗೆ ಹರಡಿದ್ದು 2006ರ ನಂತರ, ನ್ಯೂಯಾರ್ಕ್‌ನ ಬೇಕರ್ ಜಿಮ್ ಲೇಹಿ ಅವರ ನಾದದೆ ಮಾಡುವ ಬ್ರೆಡ್ ಪತ್ರಿಕೆಯಲ್ಲಿ ಬಂದ ಮೇಲೆ. ಅದು ಯೀಸ್ಟ್ ಬ್ರೆಡ್. ಉಪಾಯ ಮಾತ್ರ ಇದಕ್ಕೂ ಅಷ್ಟೇ ಒಗ್ಗುತ್ತದೆ. ನನ್ನ ದುಂಡು ಬ್ರೆಡ್ ಒಂದು ಬದಿಗೆ ವಾಲಿತು, ತಳ ಸ್ವಲ್ಪ ಸೀದಿತು. ಮುಂದಿನ ಸಲ ಪಾತ್ರೆಯ ಕೆಳಗೆ ಇನ್ನೊಂದು ತಟ್ಟೆ ಇಡಬೇಕು.

ಯಾರಿಗೆ ಆಗುತ್ತದೆ

ನಾಲ್ಕು ಸೌರ್‌ಡೋಗೆ, ಪ್ರತಿ ಸಲ ಸ್ಟಾರ್ಟರ್‌ಗೆ ಹಾಕಿದ 30 ಸೇರಿ, ತಲಾ 280 ಗ್ರಾಂ, ಎರಡು ಯೀಸ್ಟ್ ಬ್ರೆಡ್ಡಿಗೆ ತಲಾ 250, ಸ್ಟಾರ್ಟರ್ ಬೆಳೆಸಲು 190. ಒಟ್ಟು 1810 ಗ್ರಾಂ ಹಿಟ್ಟಿಗೆ ಆರು ಬ್ರೆಡ್. ಹಳೆಯ ರೀತಿಯಲ್ಲಿ ಬರೀ ಸ್ಟಾರ್ಟರ್‌ಗೇ 1800 ಬೇಕಿತ್ತು ಅಂದೆನಲ್ಲ, ಪಕ್ಕಪಕ್ಕ ಇಟ್ಟು ನೋಡಿ.

ಯೀಸ್ಟ್ ದುಡ್ಡು ಉಳಿಯುತ್ತದೆ ಅಂತ ಸೌರ್‌ಡೋಗೆ ಬರಬೇಡಿ. ಒಂದು ಬ್ರೆಡ್ಡಿಗೆ ಒಂದು ಗ್ರಾಂ ಯೀಸ್ಟ್ ಸಾಕಾಗುವಾಗ ಉಳಿಯುವುದು ಏನೂ ಇಲ್ಲ. ವಾರಕ್ಕೆ ಒಂದೇ ಬ್ರೆಡ್ ಸಾಕು, ಅದು ಕೆಟ್ಟರೆ ಆ ಹೊತ್ತಿನ ಊಟಕ್ಕೇ ಕುತ್ತು ಅನ್ನುವ ಸ್ಥಿತಿ ಇದ್ದರೆ ಯೀಸ್ಟ್ ಬ್ರೆಡ್ಡೇ ಸರಿ, ಅದರಲ್ಲಿ ಕಡಿಮೆ ಏನೂ ಇಲ್ಲ. ಹುಳಿ ರುಚಿ ನಿಮಗೆ ಇಷ್ಟ, ಅಂಗಡಿಯಲ್ಲಿ ಕೊಳ್ಳಲು ದುಬಾರಿ, ಎರಡು ವಾರ ಕಾಯಲು ತಯಾರು ಅಂದರೆ ಧೈರ್ಯವಾಗಿ ಶುರು ಮಾಡಿ. ಯಾರ ಮನೆಯಲ್ಲಾದರೂ ಬಲವಾದ ಸ್ಟಾರ್ಟರ್ ಇದ್ದರೆ ಒಂದು ಚಮಚ ಕೇಳಿ ತನ್ನಿ. ಆ ಎರಡು ವಾರವೂ ಉಳಿಯುತ್ತದೆ.

ನಾನೂ ಸ್ವಲ್ಪ ಸ್ಟಾರ್ಟರ್ ಅನ್ನು ಕಾಗದದ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ಬಾಟಲಿ ಒಡೆದರೂ, ಮರೆತು ಹಾಳಾದರೂ ಮತ್ತೆ ನೀರು ಹಿಟ್ಟು ಹಾಕಿ ಎಬ್ಬಿಸಬಹುದು. ಬಾಟಲಿ ಈಗ ಫ್ರಿಜ್‌ನಲ್ಲಿದೆ, 30 ಗ್ರಾಂ. ಶನಿವಾರ ಬೆಳಿಗ್ಗೆ ಅದರಿಂದ 20 ಗ್ರಾಂ ತೆಗೆಯಬೇಕು.